ಕೋವಿಯ ನಳಿಗೆ ಮತ್ತು ಚರೆಯ ಹರವು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ದಾವಣಗೆರೆ ಜಿಲ್ಲೆಯ ಚನ್ನಗಿರಿ ಕಡೆ. ಅಡಿಕೆ ತೋಟ ಇದೆ, ಜೊತೆಗೆ ಒಂದಿಷ್ಟು ಮೆಕ್ಕೆಜೋಳ. ಅಪ್ಪನ ಕಾಲದಲ್ಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಮಾಡಿಸಿ ತಂದ 12 ಬೋರಿನ ಜೋಡುನಳಿಗೆ ಕೋವಿ ಈಗ ನನ್ನ ಹೆಸರಿನಲ್ಲಿದೆ. ಇಲ್ಲಿ ಚನ್ನಗಿರಿಯಿಂದ ಹೊಳಲ್ಕೆರೆ, ಹೊಸದುರ್ಗದವರೆಗೂ ಇಂಥ ಕೋವಿ ಇಟ್ಟುಕೊಂಡವರು ನನ್ನನ್ನು ಕೇಳುವುದು ಹೆಚ್ಚುಕಮ್ಮಿ ಒಂದೇ ಮಾತು: "ಕೋವಿ ಮೊದಲಿನ ಹಾಗೆ ಹೊಡೀತಿಲ್ಲ, ಚರೆ ಎಲ್ಲೆಲ್ಲೋ ಹೋಗುತ್ತೆ, ಯಾವ ತೋಟಾ ತರಲಿ?" ತೋಟಾ ಅಂದರೆ ಕಾರ್ಟ್ರಿಡ್ಜ್, ಚರೆ ಅಂದರೆ ಅದರೊಳಗಿನ ಸಣ್ಣ ಸೀಸದ ಗುಂಡು. ತೋಟಾ ಬದಲಿಸುವ ಮೊದಲು ನಳಿಗೆ ನೋಡಿ ಅಂತ ನಾನು ಹೇಳುತ್ತೇನೆ. ಅದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಇದೆಲ್ಲ ಶಿಕಾರಿಗಾ?

ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ಅಪರಾಧ. ನವಿಲು, ಜಿಂಕೆ, ಮೊಲ ಯಾವುದನ್ನೂ ಹೊಡೆಯುವಂತಿಲ್ಲ. ಕೈಯಲ್ಲಿ ಬೆಳೆ ರಕ್ಷಣೆ ಲೈಸೆನ್ಸ್ ಇದೆ ಅಂತ ಹೊಲಕ್ಕೆ ಬಂದ ಪ್ರಾಣಿಯನ್ನು ಹೊಡೆಯುವ ಹಕ್ಕು ತಾನಾಗಿ ಬರುವುದಿಲ್ಲ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು. ಜಗಳೂರಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆ ಅಂತಲೇ ಅಭಯಾರಣ್ಯ ಇದೆ, ಚಿತ್ರದುರ್ಗದ ಪಕ್ಕದಲ್ಲೇ ಜೋಗಿಮಟ್ಟಿ ಇದೆ. ಆ ಅಂಚಿನ ಊರಿನವರು ಇನ್ನೂ ಹುಷಾರಾಗಿರಬೇಕು. ಬೆಳೆ ಹಾಳಾದರೆ ಫೋಟೋ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ.

ಹಾಗಾದರೆ ಈ ಬರಹ ಯಾರಿಗೆ? ಲೈಸೆನ್ಸ್ ಇರುವ ಕೋವಿಯನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕು ಅನ್ನುವವರಿಗೆ, ರೇಂಜಿನಲ್ಲಿ ಮಣ್ಣಿನ ಬಿಲ್ಲೆ ಹೊಡೆಯುವವರಿಗೆ. ಹಳೆಯ ಕಾಲದ ಶಿಕಾರಿ ಕೋವಿಗೂ ಈಗಿನ ಟ್ರ್ಯಾಪ್ (ಹಾರುವ ಬಿಲ್ಲೆ ಹೊಡೆಯುವ ಆಟದ) ಕೋವಿಗೂ ನಳಿಗೆಯ ಲೆಕ್ಕ ಒಂದೇ.

ಹರವು ಅಂದರೆ ಏನು?

ರೈಫಲ್‌ನಿಂದ ಒಂದೇ ಗುಂಡು ಹೋಗುತ್ತದೆ. ತೋಟಾ ಕೋವಿಯಿಂದ ನೂರಾರು ಚರೆ ಒಟ್ಟಿಗೆ ಹೊರಟು ದೂರ ಹೋದಷ್ಟೂ ಹರಡಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ಪ್ಯಾಟರ್ನ್ ಅನ್ನುತ್ತಾರಲ್ಲ, ಅದನ್ನೇ ನಾನು ಹರವು ಅನ್ನುತ್ತಿದ್ದೇನೆ. ಒಳ್ಳೆಯ ಹರವಿನಲ್ಲಿ ಎರಡು ಗುಣ ಇರಬೇಕು. ಒಂದು, ಸಾಕಷ್ಟು ಚರೆ ನಡುವಿನ ವೃತ್ತದೊಳಗೆ ಬೀಳಬೇಕು. ಎರಡು, ಬಿದ್ದ ಚರೆ ಸಮನಾಗಿ ಬಿತ್ತಿದ ಹಾಗಿರಬೇಕು. ಒಂದು ಕಡೆ ಮುದ್ದೆ, ಇನ್ನೊಂದು ಕಡೆ ಬೋಳು ಆಗಿದ್ದರೆ ಎಣಿಕೆ ಎಷ್ಟೇ ಬಂದರೂ ಅದು ಕೆಟ್ಟ ಹರವು. ಕೂರಿಗೆಯಲ್ಲಿ ಒಂದು ತಾಳು ಕಟ್ಟಿಕೊಂಡರೆ ಸಾಲು ಹೇಗೆ ಖಾಲಿ ಉಳಿಯುತ್ತದೋ ಹಾಗೆ.

12 ಬೋರ್ ಅಂದರೆ 12 ಮಿಲಿಮೀಟರಾ?

ಅಲ್ಲ. ನಳಿಗೆಯ ಒಳ ಅಳತೆಗೆ ಸರಿಯಾಗಿ ಕೂರುವ 12 ಸೀಸದ ಉಂಡೆ ಸೇರಿದರೆ ಒಂದು ಪೌಂಡ್ ತೂಕ. ಅದರಿಂದ ಬಂದ ಹೆಸರು. ಅಳತೆ ಸುಮಾರು 18.5 ಮಿಲಿಮೀಟರ್. 20 ಬೋರ್ ಇದಕ್ಕಿಂತ ಸಣ್ಣದು.

ನಳಿಗೆ ಕೊಳೆಯಾದರೆ ಚರೆ ಹರವು ಕೆಡುವುದು ಹೇಗೆ?

ಚರೆ ಸೀಸದ್ದು, ಸೀಸ ಮೆತ್ತಗೆ. ನಳಿಗೆಯ ಗೋಡೆಗೆ ತಾಗಿ ಓಡುವ ಚರೆ ಒಂದು ಮಗ್ಗುಲು ಸವೆದು ಚಪ್ಪಟೆ ಆಗುತ್ತದೆ. ಮಂಚಿಕೆ ಮೇಲೆ ನಿಂತು ಕವಣೆ ಬೀಸಿದವರಿಗೆ ಇದು ಬೇಗ ತಿಳಿಯುತ್ತದೆ: ಉರುಟು ಕಲ್ಲು ಹೇಳಿದ ಕಡೆ ಹೋಗುತ್ತದೆ, ಚಪ್ಪಟೆ ಕಲ್ಲು ಗಾಳಿಯಲ್ಲಿ ವಾಲುತ್ತದೆ. ಚಪ್ಪಟೆಯಾದ ಚರೆಯೂ ಅಷ್ಟೇ. ಗಾಳಿಗೆ ಬೇಗ ವೇಗ ಕಳೆದುಕೊಂಡು ಹಿಂದೆ ಬೀಳುತ್ತದೆ, ಇಲ್ಲವೇ ಅಂಚಿಗೆ ಹೋಗುತ್ತದೆ.

ನುಣುಪಾದ ನಳಿಗೆಯಲ್ಲೂ ಸ್ವಲ್ಪ ಚರೆ ಹೀಗೆ ಹಾಳಾಗುತ್ತದೆ, ಅದನ್ನು ತಪ್ಪಿಸಲು ಆಗುವುದಿಲ್ಲ. ನಳಿಗೆ ಒರಟಾದರೆ ಜಾಸ್ತಿ ಹಾಳಾಗುತ್ತದೆ. ಒರಟು ಎರಡು ಕಡೆ ಮೊದಲು ಬರುತ್ತದೆ. ಒಂದು, ತೋಟಾ ಕೂರುವ ಚೇಂಬರ್ ಮುಗಿದು ನಳಿಗೆ ಕಿರಿದಾಗುವ ಇಳಿಜಾರು. ಇನ್ನೊಂದು, ಬಾಯಿಯ ಹತ್ತಿರ ಒಳ ಅಳತೆ ಬಿಗಿಯಾಗುವ ಚೋಕ್. ಚರೆ ಬಿಗಿಯಾಗಿ ಒತ್ತಿಕೊಂಡು ದಾಟುವ ಜಾಗ ಇವೇ ಎರಡು. ಚರೆಯನ್ನು ಪ್ಲಾಸ್ಟಿಕ್ ಬಟ್ಟಲಿನಲ್ಲಿ ತುಂಬಿದ ತೋಟಾ ಬಳಸಿದರೆ ಪ್ಲಾಸ್ಟಿಕ್ ಅಂಟುತ್ತದೆ. ಬಟ್ಟಲಿಲ್ಲದೆ ಮದ್ದಿಗೂ ಚರೆಗೂ ನಡುವೆ ಬರೀ ಫೆಲ್ಟ್ ಬಿಲ್ಲೆ ಇರುವ ತೋಟಾ ಆದರೆ ಸೀಸ ಅಂಟುತ್ತದೆ. ಮದ್ದಿನ ಮಸಿ ಎರಡರ ಮೇಲೂ ಪದರ ಕಟ್ಟುತ್ತದೆ.

ತೊಳೆದರೆ ಹೊಸ ಕೋವಿಗಿಂತ ಚೆನ್ನಾಗಿ ಹೊಡೆಯುತ್ತಾ?

ಇಲ್ಲ. ಕೋವಿ ಹುಟ್ಟಿದಾಗ ಎಷ್ಟು ಚೆನ್ನಾಗಿತ್ತೋ ಅಲ್ಲಿಗೆ ಹತ್ತಿರ ತರಬಹುದು, ಅದರ ಮೇಲಕ್ಕೆ ಅಲ್ಲ. ಆದರೆ ನಮ್ಮ ಕಡೆ ಎಷ್ಟೋ ಕೋವಿಗಳು ಹತ್ತು ಹದಿನೈದು ವರ್ಷ ಸರಿಯಾಗಿ ಬ್ರಷ್ ಕಂಡಿಲ್ಲ. ಅಂಥದಕ್ಕೆ ಬರೀ ತೊಳೆದರೆ ಆಗುವ ವ್ಯತ್ಯಾಸ ದೊಡ್ಡದು.

ಚೋಕ್ ಅಂದರೆ ಏನು? ನನ್ನ ಕೋವಿಯದು ಯಾವುದು ಅಂತ ತಿಳಿಯೋದು ಹೇಗೆ?

ನಳಿಗೆಯ ಬಾಯಿಯ ಹತ್ತಿರ, ಕೊನೆಯ ಒಂದೆರಡು ಇಂಚಿನಲ್ಲಿ ಒಳ ಅಳತೆಯನ್ನು ಸ್ವಲ್ಪ ಬಿಗಿ ಮಾಡಿರುತ್ತಾರೆ. ಅದೇ ಚೋಕ್. ಫುಲ್ ಚೋಕ್‌ನಲ್ಲಿ ಬಿಗಿ ಸುಮಾರು 1 ಮಿಲಿಮೀಟರ್, ಹಾಫ್ ಚೋಕ್‌ನಲ್ಲಿ ಅರ್ಧ ಮಿಲಿಮೀಟರ್, ಕ್ವಾರ್ಟರ್‌ನಲ್ಲಿ ಕಾಲು ಮಿಲಿಮೀಟರ್. ಏನೂ ಬಿಗಿ ಇಲ್ಲದ್ದು ಸಿಲಿಂಡರ್. ಕಾಲು ಮಿಲಿಮೀಟರಿಗೆ ಇಷ್ಟು ವ್ಯತ್ಯಾಸ ಆಗುತ್ತೆ ಅಂದ ಮೇಲೆ ಅಲ್ಲಿ ಅಂಟಿದ ಪ್ಲಾಸ್ಟಿಕ್, ಸೀಸ ಎಷ್ಟು ಕೆಲಸ ಕೆಡಿಸಬಹುದು ಯೋಚಿಸಿ.

ಎರಡು ಕುದುರೆಯ (ಬೆರಳಿಂದ ಎಳೆಯುವ ಟ್ರಿಗರ್) ಹಳೆಯ ಜೋಡುನಳಿಗೆಯಲ್ಲಿ ಸಾಮಾನ್ಯವಾಗಿ ಬಲಗಡೆಯದು ಸಡಿಲ, ಎಡಗಡೆಯದು ಬಿಗಿ. ಮುಂದಿನ ಕುದುರೆ ಬಲದ್ದು, ಹಿಂದಿನದು ಎಡದ್ದು. ಕೆಲವು ವಿದೇಶಿ ಕೋವಿಗಳಲ್ಲಿ ನಳಿಗೆಯ ಬುಡದಲ್ಲಿ ನಕ್ಷತ್ರದ ಗುರುತು ಇರುತ್ತದೆ. ಒಂದೇ ನಕ್ಷತ್ರ ಇದ್ದರೆ ಫುಲ್, ನಕ್ಷತ್ರ ಜಾಸ್ತಿ ಆದಷ್ಟೂ ಸಡಿಲ. ಗುರುತು ಏನೇ ಹೇಳಲಿ, ನಿಜ ತಿಳಿಯುವುದು ಕಾಗದದ ಮೇಲೆ.

ಕಾಗದದ ಮೇಲೆ ಪರೀಕ್ಷೆ ಮಾಡೋದು ಹೇಗೆ?

ಮೊದಲ ಮಾತು ಜಾಗದ ಬಗ್ಗೆ. ಅನುಮತಿ ಇರುವ ಶೂಟಿಂಗ್ ರೇಂಜಿನಲ್ಲಿ ಮಾತ್ರ ಮಾಡಿ. ಹೊಲದಲ್ಲಿ ಸುಮ್ನೆ ಹೊಡೆದು ನೋಡೋಣ ಅನ್ನಬೇಡಿ. ಲೈಸೆನ್ಸಿನ ಷರತ್ತು ಓದಿ, ಅನುಮಾನ ಇದ್ದರೆ ಠಾಣೆಯಲ್ಲಿ ಕೇಳಿ. ಸಣ್ಣ ಚರೆಯೂ 200 ಮೀಟರ್ ಹೋಗುತ್ತದೆ, ಎಸ್‌ಜಿಯಂಥ ದೊಡ್ಡ ಚರೆ 600 ಮೀಟರ್ ದಾಟಬಹುದು. ದುರ್ಗದ ಕಡೆ ಎಲ್ಲಿ ನೋಡಿದರೂ ಬಂಡೆ. ಬಂಡೆಗೆ ತಾಗಿದ ಚರೆ ಎತ್ತ ಪುಟಿಯುತ್ತೆ ಅಂತ ಯಾರೂ ಹೇಳಲಾರರು. ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರಲೇಬೇಕು.

ಇನ್ನು ಕೆಲಸ. ನಾಲ್ಕಡಿ ಉದ್ದ, ನಾಲ್ಕಡಿ ಅಗಲದ ಕಾಗದ ಬೇಕು. ಅಂಗಡಿಯ ಕಂದು ಪ್ಯಾಕಿಂಗ್ ಕಾಗದವನ್ನು ಎರಡು ಹಾಳೆ ಸೇರಿಸಿ ಮೈದಾ ಅಂಟಿನಲ್ಲಿ ಹಚ್ಚಿದರೆ ಆಯಿತು. ನಡುವೆ ಅಂಗೈಯಷ್ಟು ಕಪ್ಪು ಗುರುತು ಹಾಕಿ. ನಿಮ್ಮಿಂದ ಕಾಗದಕ್ಕೆ 40 ಗಜ, ಅಂದರೆ 36.5 ಮೀಟರ್ ಟೇಪ್ ಹಿಡಿದು ಅಳೆಯಿರಿ. ಹೆಜ್ಜೆ ಲೆಕ್ಕ ಬೇಡ. ಒಂದು ಹಾಳೆಗೆ ಒಂದೇ ಈಡು.

ವೃತ್ತವನ್ನು ಹೊಡೆಯುವ ಮೊದಲೇ ಬರೆದಿಡಬೇಡಿ, ಬಹಳ ಜನ ತಪ್ಪುವುದು ಇಲ್ಲೇ. ಹೊಡೆದ ಮೇಲೆ ಚರೆ ಎಲ್ಲಿ ದಟ್ಟವಾಗಿದೆಯೋ ಅದರ ನಡುವೆ ಒಂದು ಮೊಳೆ ಇಟ್ಟು, 38 ಸೆಂಟಿಮೀಟರ್ ದಾರ ಕಟ್ಟಿ, ದಾರದ ತುದಿಗೆ ಪೆನ್ಸಿಲ್ ಹಿಡಿದು ಸುತ್ತಿ. 76 ಸೆಂಟಿಮೀಟರ್ ವೃತ್ತ ಸಿಗುತ್ತದೆ. ಹಳೆಯ ಲೆಕ್ಕದ 30 ಇಂಚು ಇದೇ. ಒಳಗಿನ ತೂತುಗಳನ್ನು ಎಣಿಸಿ. ಎಣಿಸಿದ ತೂತಿಗೆ ಪೆನ್ಸಿಲ್ ಗೀಟು ಹಾಕುತ್ತಾ ಹೋಗಿ, ಇಲ್ಲದಿದ್ದರೆ ನೂರು ದಾಟುವಷ್ಟರಲ್ಲಿ ಲೆಕ್ಕ ತಪ್ಪುತ್ತದೆ.

ದಟ್ಟ ಭಾಗ ಕಪ್ಪು ಗುರುತಿನ ಮೇಲೇ ಇದೆಯಾ, ಒಂದು ಮಗ್ಗುಲಿಗೆ ಸರಿದಿದೆಯಾ ಅಂತಲೂ ಬರೆದಿಡಿ. ಯಾವಾಗಲೂ ಒಂದೇ ಕಡೆ ಸರಿದಿದ್ದರೆ ಕೋವಿ ನಿಮ್ಮ ಭುಜಕ್ಕೆ, ಕೆನ್ನೆಗೆ ಹೊಂದುತ್ತಿಲ್ಲ, ಇಲ್ಲವೇ ನಳಿಗೆಗೆ ಪೆಟ್ಟು ಬಿದ್ದಿದೆ. ಅದು ತೊಳೆದರೆ ಹೋಗುವ ದೋಷ ಅಲ್ಲ.

ಎಷ್ಟು ಬಂದರೆ ಸರಿ?

40 ಗಜದಲ್ಲಿ ಆ ವೃತ್ತದೊಳಗೆ ಫುಲ್ ಚೋಕ್‌ಗೆ ಶೇ. 70, ಹಾಫ್ ಚೋಕ್‌ಗೆ ಶೇ. 60, ಇಂಪ್ರೂವ್ಡ್ ಸಿಲಿಂಡರ್ ಅನ್ನುವ, ಬಹಳ ಕಡಿಮೆ ಬಿಗಿಯ ಚೋಕ್‌ಗೆ ಶೇ. 50, ಸಿಲಿಂಡರ್‌ಗೆ ಶೇ. 40. ಇದು ಬಹಳ ಕಾಲದಿಂದ ಬಂದ ಅಂದಾಜು.

ಶೇಕಡಾ ತೆಗೆಯಲು ತೋಟಾದೊಳಗೆ ಎಷ್ಟು ಚರೆ ಇದೆ ಅಂತ ಗೊತ್ತಿರಬೇಕು. ತೋಟಾ ಬಿಚ್ಚಬೇಕಾಗಿಲ್ಲ. ಬ್ರಿಟಿಷ್ ನಂಬರಿನ ಲೆಕ್ಕದಲ್ಲಿ ಒಂದು ಔನ್ಸಿಗೆ, ಅಂದರೆ 28.35 ಗ್ರಾಂಗೆ, 4ನೇ ನಂಬರಿನ ಚರೆ 170, 6ನೇ ನಂಬರಿನದು 270. ಪೆಟ್ಟಿಗೆಯ ಮೇಲೆ 32 ಗ್ರಾಂ, 6ನೇ ನಂಬರ್ ಅಂತ ಇದ್ದರೆ ಸುಮಾರು 305 ಚರೆ. ಉದಾಹರಣೆಗೆ, ವೃತ್ತದಲ್ಲಿ 183 ತೂತು ಸಿಕ್ಕರೆ ಶೇ. 60. ಬೇರೆ ದೇಶದ ತೋಟಾ ಆದರೆ ಅದೇ ನಂಬರಿನ ಚರೆ ಸಣ್ಣದೋ ದೊಡ್ಡದೋ ಇರಬಹುದು. ಪೆಟ್ಟಿಗೆಯ ಮೇಲೆ ಮಿಲಿಮೀಟರ್ ಬರೆದಿದ್ದರೆ ಅದನ್ನು ನಂಬಿ.

ಒಂದು ಈಡು ಹೊಡೆದು ನೋಡಿದರೆ ಸಾಲದಾ?

ಸಾಲದು. ಒಂದೇ ನಳಿಗೆ, ಒಂದೇ ಪೆಟ್ಟಿಗೆಯ ತೋಟಾ ಆದರೂ ಈಡಿನಿಂದ ಈಡಿಗೆ ಹರವು ಬದಲಾಗುತ್ತದೆ. ಒಂದೊಂದು ನಳಿಗೆಗೂ ಕನಿಷ್ಠ ಐದು ಹಾಳೆ ಬೇಕು. ಐದರ ಸರಾಸರಿ ತೆಗೆಯಿರಿ. ತೋಟಾ ದುಬಾರಿ, ಲೈಸೆನ್ಸಿನಲ್ಲಿ ಸಿಗುವುದೂ ಲೆಕ್ಕದ್ದು, ನನಗೂ ಗೊತ್ತು. ಆದರೂ ಎರಡು ಹಾಳೆ ನೋಡಿ ತೀರ್ಮಾನ ಮಾಡುವುದಕ್ಕಿಂತ ಮಾಡದಿರುವುದೇ ಮೇಲು. ತೊಳೆಯುವ ಮೊದಲು ಐದು, ತೊಳೆದ ಮೇಲೆ ಅದೇ ಪೆಟ್ಟಿಗೆಯ ಐದು. ಹಾಳೆಗಳನ್ನು ಸುರುಳಿ ಸುತ್ತಿ ತಾರೀಖು ಬರೆದಿಡಿ.

ಗಾಳಿಯ ವಿಚಾರ ಮರೆಯಬೇಡಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಸುಮ್ನೆ ಗಾಳಿಯಂತ್ರ ನೆಟ್ಟಿಲ್ಲ. ಮಧ್ಯಾಹ್ನದ ಅಡ್ಡಗಾಳಿಯಲ್ಲಿ ಸಣ್ಣ ಚರೆ ಸರಿಯುತ್ತದೆ. ಬೆಳಗ್ಗೆ ಬೇಗ ಮುಗಿಸಿ.

ನಳಿಗೆಯೊಳಗೆ ಏನು ನೋಡಬೇಕು?

ಕೋವಿ ಖಾಲಿ ಇದೆ ಅಂತ ಎರಡು ಸಲ ನೋಡಿ, ಬೆರಳು ಹಾಕಿಯೂ ನೋಡಿ. ಆಮೇಲೆ ನಳಿಗೆಯನ್ನು ಹಿಡಿಯಿಂದ ಬೇರೆ ಮಾಡಿ. ಬೇರೆ ಮಾಡದೆ ಬಾಯಿಯ ಕಡೆಯಿಂದ ಕಣ್ಣಿಟ್ಟು ನೋಡಲೇಬಾರದು.

ಬಿಚ್ಚಿದ ನಳಿಗೆಯನ್ನು ಬಾಗಿಲಿನ ಬೆಳಕಿಗೆ ಹಿಡಿಯಿರಿ. ಬಾಗಿಲಿನ ಮೇಲಿನ ಪಟ್ಟಿಯ ನೆರಳು ನಳಿಗೆಯೊಳಗೆ ಎರಡು ಉದ್ದ ಗೆರೆಯಾಗಿ ಕಾಣುತ್ತದೆ. ನಳಿಗೆಯನ್ನು ನಿಧಾನಕ್ಕೆ ತಿರುಗಿಸಿ. ಗೆರೆ ನೇರವಾಗಿ ಓಡಿದರೆ ನಳಿಗೆ ಸರಿ. ಗೆರೆ ಎಲ್ಲಾದರೂ ಮುರಿದ ಹಾಗೆ, ಸೊಟ್ಟಗೆ ಕಂಡರೆ ಅಲ್ಲಿ ತಗ್ಗು ಬಿದ್ದಿದೆ. ಸುತ್ತಲೂ ಉಂಗುರದಂತೆ ನೆರಳು ಕಂಡರೆ ನಳಿಗೆ ಉಬ್ಬಿದೆ ಅಂತ ಅರ್ಥ. ಅಂಥ ಕೋವಿಗೆ ತೋಟಾ ಹಾಕಬೇಡಿ, ನೇರ ಕೋವಿ ರಿಪೇರಿಯವರ ಹತ್ತಿರ ಒಯ್ಯಿರಿ.

ಗೆರೆ ನೇರ ಇದ್ದರೆ ಕೊಳೆಯ ಬಣ್ಣ ನೋಡಿ. ಮಂಕಾದ ಬೂದು ಗೀರು ಸೀಸ. ಉದ್ದುದ್ದ ಹೊಳೆಯುವ ಪಟ್ಟೆ ಪ್ಲಾಸ್ಟಿಕ್, ಬ್ರಷ್ ಆಡಿಸಿದಾಗ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಬಟ್ಟೆಗೆ ಕಂದು ಹತ್ತಿದರೆ ತುಕ್ಕು. ಎಷ್ಟು ತಿಕ್ಕಿದರೂ ಜಾಗ ಬಿಡದ ಕಪ್ಪು ಚುಕ್ಕೆ ಇದ್ದರೆ ಅದು ಕೊಳೆ ಅಲ್ಲ, ತುಕ್ಕು ತಿಂದು ಮಾಡಿದ ಗುಳಿ.

ತೊಳೆಯುವ ಸರಿಯಾದ ಕ್ರಮ ಯಾವುದು?

ಹಳೆ ಪಂಚೆ ಹರಿದು ಅಂಗೈಯಗಲದ ತುಂಡು ಮಾಡಿಕೊಳ್ಳಿ. ಹತ್ತಿ ಬಟ್ಟೆಯೇ ಬೇಕು, ಪಾಲಿಸ್ಟರ್ ಕೊಳೆ ಹೀರುವುದಿಲ್ಲ. ಮರದ ಅಥವಾ ಹಿತ್ತಾಳೆಯ ಕೋಲು, 12 ಬೋರಿನ ಕಂಚಿನ ಬ್ರಷ್, ಕೊಳೆ ಕರಗಿಸುವ ಸಾಲ್ವೆಂಟ್, ತೆಳು ಎಣ್ಣೆ. ಇಷ್ಟು ಸಾಕು.

ನಳಿಗೆಯನ್ನು ಮೇಜಿನ ಮೇಲೆ ಗೋಣಿಚೀಲ ಹಾಸಿ ಮಲಗಿಸಿ, ಬಾಯಿ ಸ್ವಲ್ಪ ತಗ್ಗಿರಲಿ. ಕೋಲನ್ನು ಯಾವಾಗಲೂ ತೋಟಾ ಹಾಕುವ ಕಡೆಯಿಂದ ತೂರಿಸಿ. ಬಾಯಿಯ ಕಡೆಯಿಂದ ತೂರಿಸಿದರೆ ಕೋಲು ಚೋಕ್‌ನ ಅಂಚಿಗೆ ತಾಗಿ ಸವೆಸುತ್ತದೆ, ಕೊಳೆಯೂ ಚೇಂಬರಿನ ಕಡೆಗೇ ಬರುತ್ತದೆ. ಮೊದಲು ಒಣ ಬಟ್ಟೆ ಒಂದು ಸಲ ದಾಟಿಸಿ. ಆಮೇಲೆ ಸಾಲ್ವೆಂಟ್‌ನಲ್ಲಿ ನೆನೆಸಿದ ಬಟ್ಟೆ ದಾಟಿಸಿ ಹದಿನೈದು ನಿಮಿಷ ಬಿಟ್ಟುಬಿಡಿ. ಕೆಲಸ ಮಾಡುವುದು ಈ ಹದಿನೈದು ನಿಮಿಷವೇ, ನಮ್ಮ ತೋಳಿನ ಬಲ ಅಲ್ಲ. ಹೋಗಿ ಕಾಫಿ ಕುಡಿದು ಬನ್ನಿ.

ಬಂದು ಬ್ರಷ್ ಹಾಕಿ. ಪ್ರತಿ ಸಲ ಬ್ರಷ್ ಪೂರ್ತಿ ಹೊರಗೆ ಬರಬೇಕು, ಆಮೇಲೆ ಹಿಂದಕ್ಕೆ ಎಳೆಯಬೇಕು. ನಡುವೆ ನಿಲ್ಲಿಸಿ ಹಿಂದೆ ಎಳೆದರೆ ಎಳೆಗಳು ಮಡಿಚಿ ಸಿಕ್ಕಿಕೊಳ್ಳುತ್ತವೆ. ಇಪ್ಪತ್ತು ಸಲ ಆಡಿಸಿ. ಚೇಂಬರ್ ಮುಂದಿನ ಇಳಿಜಾರಿನಲ್ಲಿ ಮತ್ತು ಚೋಕ್‌ನಲ್ಲಿ ಬ್ರಷ್ಷನ್ನು ತಿರುಗಿಸುತ್ತಾ ಇನ್ನಷ್ಟು ಆಡಿಸಿ. ಮತ್ತೆ ಬಟ್ಟೆ. ಕಪ್ಪು ಬರುವುದು ನಿಲ್ಲುವವರೆಗೆ ಇದೇ ಸುತ್ತು. ವರ್ಷಗಟ್ಟಲೆ ಬಿಟ್ಟ ನಳಿಗೆ ಆದರೆ ಒಂದೇ ದಿನಕ್ಕೆ ಮುಗಿಯುವುದಿಲ್ಲ. ನಾನು ಅಪ್ಪನ ಕೋವಿಯನ್ನು ಮೊದಲ ಸಲ ಹೀಗೆ ತೊಳೆದಾಗ ಎಡ ನಳಿಗೆಯ ಚೋಕ್‌ನಿಂದ ಬೆರಳುದ್ದದ ಪ್ಲಾಸ್ಟಿಕ್ ಪೊರೆ ಎದ್ದು ಬಂತು. ಅಲ್ಲಿಯವರೆಗೆ ನಾನು ತೋಟಾ ಅಂಗಡಿಯವನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ.

ಕೊನೆಗೆ ಎಣ್ಣೆ ಹಚ್ಚಿದ ಬಟ್ಟೆ ಒಂದು ಸಲ. ಎಣ್ಣೆ ಸುರಿಯಬಾರದು, ಪಸೆ ಇದ್ದರೆ ಸಾಕು. ಸೀಸ ವಿಷ, ಕೈಯನ್ನು ಸೋಪು ಹಾಕಿ ತೊಳೆದ ಮೇಲೆಯೇ ಊಟ. ಆ ಬಟ್ಟೆ ಚೂರುಗಳನ್ನು ಮಕ್ಕಳ ಕೈಗೆ, ದನದ ಬಾಯಿಗೆ ಸಿಗದ ಹಾಗೆ ಎಸೆಯಿರಿ.

ಸೀಮೆಎಣ್ಣೆ, ಕೊಬ್ಬರಿಎಣ್ಣೆ ಆಗಲ್ವಾ?

ಮಸಿ ಬಿಡಿಸಲು ಸೀಮೆಎಣ್ಣೆ ಆಗುತ್ತದೆ, ನಮ್ಮ ಅಪ್ಪ ಅದನ್ನೇ ಬಳಸುತ್ತಿದ್ದರು. ಆದರೆ ಅದು ಆರಿಹೋಗುತ್ತದೆ, ತುಕ್ಕು ತಡೆಯುವುದಿಲ್ಲ. ಒರೆಸಿ, ಮೇಲೆ ಬೇರೆ ಎಣ್ಣೆ ಹಚ್ಚಲೇಬೇಕು. ಕೊಬ್ಬರಿಎಣ್ಣೆ ಬೇಡ. ಚಳಿಗೆ ಗಟ್ಟಿಯಾಗುತ್ತದೆ, ಹಳೆಯದಾದರೆ ಅಂಟಾಗಿ ಧೂಳು ಹಿಡಿಯುತ್ತದೆ. ಕೋವಿ ಎಣ್ಣೆ ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ನಡೆಯುತ್ತದೆ.

ಎಮರಿ ಪೇಪರ್ ಹಾಕಿ ತಿಕ್ಕಿದರೆ ಬೇಗ ಹೊಳೆಯುತ್ತಲ್ಲ?

ಖಂಡಿತ ಬೇಡ. ಎಮರಿ, ಮರಳು, ಬೂದಿ, ಪಾತ್ರೆ ತಿಕ್ಕುವ ಸ್ಟೀಲ್ ನಾರು ಯಾವುದೂ ಬೇಡ. ಹೊಳೆಯುವುದು ನಿಜ, ಆದರೆ ಆ ಹೊಳಪಿನೊಳಗೆ ಸಾವಿರ ಗೀರು. ಒಂದೊಂದು ಗೀರೂ ಮುಂದೆ ಸೀಸ ಹಿಡಿಯುವ ಜಾಗ. ಚೋಕ್‌ನಲ್ಲಿ ಲೋಹ ಒಮ್ಮೆ ಸವೆದರೆ ಮತ್ತೆ ತುಂಬಲು ಆಗುವುದಿಲ್ಲ.

ಗುಳಿ ಬಿದ್ದಿದೆ. ಪಾಲಿಷ್ ಮಾಡಿಸಲಾ?

ಮೊದಲು ತೊಳೆದು ಕಾಗದದ ಮೇಲೆ ನೋಡಿ. ಸಣ್ಣ ಗುಳಿ ಚದುರಿಕೊಂಡಿದ್ದು ಹರವು ಸರಿ ಬರುತ್ತಿದ್ದರೆ ಮುಟ್ಟಬೇಡಿ. ಎಣ್ಣೆ ತಪ್ಪಿಸದೆ ಇಟ್ಟುಕೊಳ್ಳಿ, ಸಾಕು. ಗುಳಿ ಆಳ ಇದ್ದರೆ, ಚೇಂಬರ್ ಹತ್ತಿರ ಇದ್ದರೆ ಅದು ಹರವಿನ ಪ್ರಶ್ನೆಯೇ ಅಲ್ಲ, ಜೀವದ ಪ್ರಶ್ನೆ. ಹೆಚ್ಚು ಒತ್ತಡ ಬೀಳುವ ಜಾಗ ಅದು. ಗೋಡೆಯ ದಪ್ಪ ಅಳೆದು ಹೇಳಬಲ್ಲ ರಿಪೇರಿಯವರಿಗೆ ತೋರಿಸಿ.

ರಿಪೇರಿ ಮಾಡುವವರಿಗೂ ಲೈಸೆನ್ಸ್ ಇರಬೇಕು, 1959ರ ಆಯುಧ ಕಾಯ್ದೆ ಹಾಗೆ ಹೇಳುತ್ತದೆ. ಲೇತ್ ಇದೆ ಅಂತ ಪರಿಚಯದ ವರ್ಕ್‌ಶಾಪಿಗೆ ನಳಿಗೆ ಕೊಡಬೇಡಿ. ಇಳಿಜಾರನ್ನು ಉದ್ದ ಮಾಡಿಸುವುದು, ನಳಿಗೆ ಒಳಗೆ ಹಿಗ್ಗಿಸುವುದು ಅಂತೆಲ್ಲ ವಿದೇಶದಲ್ಲಿ ಮಾಡುತ್ತಾರೆ. ನಮ್ಮಲ್ಲಿರುವ ಹಳೆಯ, ಗೋಡೆ ತೆಳುವಾದ ಜೋಡುನಳಿಗೆಗೆ ಆ ಆಸೆ ಬೇಡ.

ಬಾಯಿಯ ಕಡೆ ಸ್ವಲ್ಪ ಕತ್ತರಿಸಿದರೆ?

ಆಯುಧ ಕಾಯ್ದೆಯ 6ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದೆ ನಳಿಗೆ ಗಿಡ್ಡ ಮಾಡುವುದು ಅಪರಾಧ. ಮೇಲಾಗಿ ಚೋಕ್ ಇರುವುದೇ ಆ ತುದಿಯಲ್ಲಿ. ಅದನ್ನೇ ಕತ್ತರಿಸಿದ ಮೇಲೆ ಉಳಿಯುವುದು ಸಿಲಿಂಡರ್.

ತೋಟಾ ಬದಲಿಸಿದರೆ ಹರವು ಬದಲಾಗುತ್ತಾ?

ಬದಲಾಗುತ್ತದೆ, ಕೆಲವೊಮ್ಮೆ ಬಹಳ. ಗಟ್ಟಿ ಸೀಸದ ಚರೆ, ಪ್ಲಾಸ್ಟಿಕ್ ಬಟ್ಟಲಿನ ತೋಟಾ ಸಾಮಾನ್ಯವಾಗಿ ಬಿಗಿ ಹರವು ಕೊಡುತ್ತವೆ. ವೇಗ ಜಾಸ್ತಿ ಆದಷ್ಟೂ ಒಳ್ಳೆಯದು ಅನ್ನುವುದು ತಪ್ಪು. ಹೊರಡುವಾಗಿನ ಒತ್ತಡ ಹೆಚ್ಚಿದರೆ ಕೆಳಗಿನ ಚರೆ ಜಜ್ಜಿಹೋಗಿ ಹರವು ಕೆಡಬಹುದು. ಆದರೆ ಇದನ್ನೆಲ್ಲ ಹೋಲಿಸಬೇಕಾದರೆ ನಳಿಗೆ ಮೊದಲು ಶುಭ್ರ ಇರಬೇಕು, ಅಲ್ವಾ? ಇಲ್ಲದಿದ್ದರೆ ಕೆಟ್ಟಿದ್ದು ತೋಟಾದಿಂದಲೋ ಕೊಳೆಯಿಂದಲೋ ಹೇಗೆ ಗೊತ್ತಾಗಬೇಕು?

ಎರಡು ಎಚ್ಚರಿಕೆ. ಹಳೆಯ ಕೋವಿಗಳಲ್ಲಿ ಚೇಂಬರ್ 65 ಮಿಲಿಮೀಟರ್ ಇರಬಹುದು, ಈಗಿನ ತೋಟಾ 70. ಹಾಕುವಾಗ ಸಲೀಸಾಗಿ ಕೂರುತ್ತದೆ, ಏಕೆಂದರೆ 70 ಅನ್ನುವುದು ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡ ಉದ್ದ. ಬಿಚ್ಚಿದ ಬಾಯಿ ಇಳಿಜಾರಿನೊಳಗೆ ಚಾಚಿ ದಾರಿ ಕಿರಿದು ಮಾಡುತ್ತದೆ. ಹರವು ಕೆಡುತ್ತದೆ, ಒತ್ತಡ ಏರುತ್ತದೆ. ನಳಿಗೆಯ ಬುಡದ ಗುರುತು ಓದಿ. ಇನ್ನೊಂದು, 12 ಬೋರಿನ ಕೋವಿಯ ಹತ್ತಿರ 20 ಬೋರಿನ ತೋಟಾ ಇರಲೇಬಾರದು. ಅದು ಚೇಂಬರ್ ದಾಟಿ ಒಳಗೆ ಜಾರಿ ಕೂರುತ್ತದೆ, ಖಾಲಿ ಇದೆ ಅಂದುಕೊಂಡು ಹಿಂದೆ 12ರ ತೋಟಾ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ.

ಹೊಡೆಯುವ ಮೊದಲು ಎಣ್ಣೆ ಒರೆಸಬೇಕಾ?

ಒರೆಸಬೇಕು. ನಳಿಗೆ, ಚೇಂಬರ್ ಎರಡೂ ಒಣಗಿರಬೇಕು. ಚೇಂಬರಿನಲ್ಲಿ ಎಣ್ಣೆ ಇದ್ದರೆ ತೋಟಾ ಗೋಡೆಗೆ ಕಚ್ಚಿಕೊಳ್ಳದೆ ಹಿಂದಕ್ಕೆ ಜೋರಾಗಿ ಒದೆಯುತ್ತದೆ. ನಳಿಗೆಯಲ್ಲಿ ಎಣ್ಣೆ ಇದ್ದರೆ ಮೊದಲ ಈಡಿನ ಹರವು ಬೇರೆಯೇ ಬರುತ್ತದೆ. ಒರೆಸುವಾಗ ಬಾಯಿಯೊಳಗೂ ಕಣ್ಣಾಡಿಸಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಕೋವಿಯ ಬಾಯಿ ಹೇಳಿ ಮಾಡಿಸಿದ ಜಾಗ. ಧೂಳು ಬೀಳದಿರಲಿ ಅಂತ ತುರುಕಿದ ಬಟ್ಟೆ ಮರೆತವರೂ ಇದ್ದಾರೆ. ಎರಡರಲ್ಲಿ ಯಾವುದಿದ್ದರೂ ನಳಿಗೆ ಉಬ್ಬುತ್ತದೆ ಇಲ್ಲವೇ ಸೀಳುತ್ತದೆ.

ಮದ್ದು ತುಂಬುವ ಹಳೆಯ ಕೇಪಿನ ಕೋವಿಗೂ ಇದೇ ಕ್ರಮವಾ?

ಅಲ್ಲ. ಕರಿಮದ್ದಿನ ಮಸಿ ಬೇರೆ ಜಾತಿ. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುತ್ತಿದ್ದ ದೊಡ್ಡ ಕಲ್ಲುಗಳನ್ನು ನೀವು ನೋಡಿರಬಹುದು. ಇದ್ದಿಲು, ಗಂಧಕ, ಪೆಟ್ಲುಪ್ಪು ಸೇರಿಸಿದ ಮದ್ದು ಅದು. ಉರಿದ ಮೇಲೆ ಉಳಿಯುವ ಲವಣ ಗಾಳಿಯ ಪಸೆ ಎಳೆದುಕೊಂಡು ಒಂದೇ ರಾತ್ರಿಯಲ್ಲಿ ತುಕ್ಕು ತರಿಸುತ್ತದೆ. ಎಣ್ಣೆ ಅದನ್ನು ಕರಗಿಸುವುದಿಲ್ಲ, ಬಿಸಿನೀರು ಕರಗಿಸುತ್ತದೆ. ಹೊಡೆದ ದಿನವೇ ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ.

ಚುನಾವಣೆಗೆ ಜಮಾ ಮಾಡಿದ ಕೋವಿ ತುಕ್ಕು ಹಿಡಿದು ಬರುತ್ತೆ. ಏನು ಮಾಡೋದು?

ಇದನ್ನು ಅನುಭವಿಸಿ ಹೇಳುತ್ತಿದ್ದೇನೆ. 2024ರ ಲೋಕಸಭಾ ಚುನಾವಣೆಗೆ ಮಾರ್ಚ್ 16ರಂದು ನೀತಿಸಂಹಿತೆ ಬಂತು, ಎಣಿಕೆ ಆಗಿದ್ದು ಜೂನ್ 4ಕ್ಕೆ. ಅಷ್ಟು ದಿನ ಕೋವಿ ನಮ್ಮ ಕೈಯಲ್ಲಿ ಇರಲಿಲ್ಲ. ನಾನು ಅವಸರದಲ್ಲಿ, ಮೇಲಿಂದ ಒರೆಸಿ, ಚರ್ಮದ ಚೀಲದಲ್ಲೇ ಹಾಕಿ ಕೊಟ್ಟಿದ್ದೆ. ಮಳೆ ಶುರುವಾದ ಮೇಲೆ ತಂದು ಬಿಚ್ಚಿದರೆ ಬಲ ನಳಿಗೆಯಲ್ಲಿ ರಾಗಿ ಕಾಳಿನಷ್ಟು ಕಂದು ಚುಕ್ಕೆ ಸಾಲು ಬಿದ್ದಿತ್ತು. ತಪ್ಪು ನನ್ನದೇ. ಚರ್ಮ ಪಸೆ ಹಿಡಿಯುತ್ತದೆ ಅಂತ ಗೊತ್ತಿದ್ದೂ ಹಾಗೆ ಕೊಟ್ಟೆ. ಎರಡು ಚುಕ್ಕೆ ಇವತ್ತಿಗೂ ಗುಳಿಯಾಗಿ ಉಳಿದಿವೆ.

ಈಗ ಜಮಾ ಮಾಡುವ ಮೊದಲು ಪೂರ್ತಿ ತೊಳೆದು, ಒಳಗೆ ಹೊರಗೆ ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಎಣ್ಣೆ ಹಚ್ಚಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಹೆಸರು ಮತ್ತು ಕೋವಿ ನಂಬರಿನ ಚೀಟಿ ಕಟ್ಟಿ ಕೊಡುತ್ತೇನೆ. ರಸೀದಿ ತೆಗೆದುಕೊಳ್ಳುವುದು ಮರೆಯಬೇಡಿ. ತಂದ ದಿನವೇ ಬಿಚ್ಚಿ ತೊಳೆಯಿರಿ.

ಆಯುಧಪೂಜೆಯ ದಿನ ಏನು ಎಚ್ಚರ ಬೇಕು?

ಪೂಜೆ ಖಂಡಿತ ಮಾಡಿ, ನಾವೂ ಮಾಡುತ್ತೇವೆ. ಆದರೆ ಒದ್ದೆ ಕುಂಕುಮ, ಗಂಧವನ್ನು ನಳಿಗೆಯ ಮೇಲೆ ಹಚ್ಚಿ ಮರುದಿನದವರೆಗೆ ಬಿಟ್ಟರೆ ಅದರ ಕೆಳಗೆ ತುಕ್ಕು ಕೂರುತ್ತದೆ. ನಿಂಬೆರಸ ಇನ್ನೂ ಕೆಟ್ಟದ್ದು, ಹುಳಿ ನಳಿಗೆಯ ನೀಲಿ ಬಣ್ಣವನ್ನೇ ತಿನ್ನುತ್ತದೆ. ನಮ್ಮ ಮನೆಯಲ್ಲಿ ಬೊಟ್ಟು ಮರದ ಹಿಡಿಗೆ, ನಿಂಬೆಹಣ್ಣು ಪಕ್ಕದ ತಟ್ಟೆಗೆ. ಸಂಜೆ ಆರತಿ ಆದ ಮೇಲೆ ಒರೆಸಿ ಎಣ್ಣೆ ಕೈ ಆಡಿಸುತ್ತೇವೆ.

ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು, ಹೇಗೆ ಇಡಬೇಕು?

ಹೊಡೆದ ದಿನವೇ ತೊಳೆಯಬೇಕು. ಹೊಡೆಯದಿದ್ದರೆ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಎಣ್ಣೆ ಬಟ್ಟೆ ಸಾಕು. ಚಳ್ಳಕೆರೆ ಕಡೆಯ ಒಣ ಹವೆಯಲ್ಲಿ ತುಕ್ಕು ಕಡಿಮೆ, ಧೂಳು ಜಾಸ್ತಿ. ಭದ್ರಾ ನಾಲೆಯ ಗದ್ದೆ, ತೋಟದ ಮನೆಗಳಲ್ಲಿ ಪಸೆ ಜಾಸ್ತಿ. ಚರ್ಮದ ಚೀಲ, ಗೋಣಿ, ಉಣ್ಣೆ ಕಂಬಳಿಯಲ್ಲಿ ಸುತ್ತಿಡಬೇಡಿ. ಎಣ್ಣೆ ಹಚ್ಚಿದ ರಾತ್ರಿ ಬಾಯಿ ಕೆಳಗೆ ಮಾಡಿ ಒರಗಿಸಿ, ಇಲ್ಲದಿದ್ದರೆ ಎಣ್ಣೆ ಇಳಿದು ಹಿಡಿಯ ಮರ ಮೆತ್ತಗಾಗುತ್ತದೆ. ಕೋವಿ ಖಾಲಿಯಾಗಿ, ಬೀಗದೊಳಗೆ. ತೋಟಾ ಬೇರೆ ಬೀಗದೊಳಗೆ.

ಅಜ್ಜನ ಕೋವಿ ಇದೆ. ನಳಿಗೆ ಪೂರ್ತಿ ಹಾಳಾಗಿದೆ. ಇಟ್ಟುಕೊಳ್ಳಬಹುದಾ?

ಮೊದಲು ಲೈಸೆನ್ಸ್ ಯಾರ ಹೆಸರಿನಲ್ಲಿದೆ ನೋಡಿ. ಲೈಸೆನ್ಸ್ ಇದ್ದವರು ತೀರಿಕೊಂಡ ಮೇಲೆ ಕೋವಿಯನ್ನು ಸುಮ್ನೆ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಠಾಣೆಗೆ ಅಥವಾ ಲೈಸೆನ್ಸ್ ಇರುವ ಕೋವಿ ಅಂಗಡಿಗೆ ಜಮಾ ಮಾಡಿ, ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಿ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. ಲೈಸೆನ್ಸ್ ಸಿಕ್ಕ ಮೇಲೆ ನಳಿಗೆಯ ಮಾತು. ಅದರ ಮೇಲೆ ಹಾವಿನ ಪೊರೆಯಂತೆ ಸುರುಳಿ ಸುರುಳಿ ಗೆರೆ ಕಾಣುತ್ತಿದ್ದರೆ ಅದು ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆ ಇರಬಹುದು. ಈಗಿನ ತೋಟಾ ಅದಕ್ಕೆ ಹಾಕಲೇಬೇಡಿ. ಹೊಡೆಯಲು ಆಗದ ಕೋವಿಯನ್ನೂ ಇದೇ ಕ್ರಮದಲ್ಲಿ ತೊಳೆದು ಎಣ್ಣೆ ಹಚ್ಚಿ ಇಡಬಹುದು. ನಮ್ಮ ಕೋವಿಯ ಹಿಡಿಯ ಮೇಲೆ ಅಪ್ಪನ ಕೆನ್ನೆ ತಾಗುತ್ತಿದ್ದ ಕಡೆ ಮರ ನುಣ್ಣಗೆ ಸವೆದಿದೆ. ಪ್ರತಿ ಸಲ ನಳಿಗೆ ಒರೆಸಿ ಮುಗಿಸಿದ ಮೇಲೆ ಅಲ್ಲಿಗೂ ಒಂದು ತೊಟ್ಟು ಅಗಸೆ ಎಣ್ಣೆ ಹಚ್ಚುತ್ತೇನೆ.